ಕೊಟ್ಟಿಗೆಯಲ್ಲಿ ಏಳು ಗೇಮ್ ಪೆಟ್ಟಿಗೆ

ಹಳೇ ಯಂತ್ರ ಇಟ್ಟುಕೊಂಡವನ ಮನೆಗೆ ಜನ ಬರುತ್ತಾರೆ. ಜನ ಬಂದರೆ ಏನಾದರೊಂದು ಆಗುತ್ತದೆ. ನಾನು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತೇನೆ. ಆದರೂ ಆಗುತ್ತದೆ.

ನನ್ನ ಊರು ಪಾಂಡವಪುರ. ಕಸುಬು ರೇಡಿಯೊ, ಟಿವಿ ರಿಪೇರಿ. ಒಂದು ಕಾಲದಲ್ಲಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಕಡೆ ವಿಡಿಯೊ ಗೇಮ್ ಅಂಗಡಿಗಳಿದ್ದವು. ಬಸ್ ಸ್ಟ್ಯಾಂಡ್ ಪಕ್ಕ ಒಂದು ಕತ್ತಲೆ ಕೋಣೆ, ಬಾಗಿಲಿಗೆ ಕೊಳಕು ಪರದೆ, ಒಳಗೆ ಆಳೆತ್ತರದ ಮೂರು ನಾಲ್ಕು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಟಿವಿ. ಅದರ ಕೆಳಗೆ ಒಂದು ಹಿಡಿಕೆ, ನಾಲ್ಕು ಬಟನ್ನು. ಕಾರಿನ ಆಟವಾದರೆ ಸೀಟು, ಸ್ಟೇರಿಂಗು, ಬ್ರೇಕು. ನಾಣ್ಯ ಹಾಕಿದರೆ ಆಟ. ಕೆಟ್ಟರೆ ನನ್ನನ್ನು ಕರೆಸುತ್ತಿದ್ದರು. ಆಮೇಲೆ ಎಲ್ಲರ ಜೇಬಿಗೂ ಫೋನ್ ಬಂತು. ಅಂಗಡಿಗಳು ಮುಚ್ಚಿದವು. ಮುಚ್ಚಿದವರು, "ಒಲೆಗಾದ್ರೂ ಆಕ್ಕೊ, ತಕೊಂಡೋಗು" ಅಂದರು. ತಂದುಕೊಂಡೆ. ಒಲೆಗೆ ಹಾಕಲಿಲ್ಲ. ಮನೆ ಹಿಂದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದೆ.

ಒಟ್ಟು ಏಳು. ವಿಮಾನದ ಆಟ, ಕಾರಿನ ಆಟ, ಹೊಡೆದಾಟದ ಆಟ, ಚುಕ್ಕಿ ನುಂಗುವ ಆಟ, ಹೀಗೆ. ಎಲ್ಲ ಹೇಗಿದ್ದವೋ ಹಾಗೇ ಇವೆ. ಅದೇ ಮರ, ಅದೇ ಬೋರ್ಡು, ಅದೇ ದಪ್ಪ ಗಾಜಿನ ಪಿಕ್ಚರ್ ಟ್ಯೂಬು. ಒಳಗೆ ಕಂಪ್ಯೂಟರ್ ತುರುಕಿಲ್ಲ. ಹಳೇ ನಾಣ್ಯ ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಭಾನುವಾರ ಬಂದವರು ಡಬ್ಬಿಯಿಂದ ತೆಗೆದು ಹಾಕಿ ಆಡುತ್ತಾರೆ. "ಈ ಆಟ ಫೋನಲ್ಲೇ ಐತಲ್ಲ ತಾತ?" ಎಂದು ಕೇಳುವವರೂ ಇದ್ದಾರೆ. ಇದೆ. ಆದರೆ ಸೋತಾಗ ಫೋನಿಗೆ ಒದೆಯುವುದಕ್ಕಾಗುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ರಿಪೇರಿ ಮಾಡುತ್ತೇನೆ. ಆಡುವುದಿಲ್ಲ. ನನಗೆ ಆಡಲು ಬರುವುದಿಲ್ಲ.

ಹೂಂ

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ. ನಾನು ಚುಕ್ಕಿ ನುಂಗುವ ಪೆಟ್ಟಿಗೆಯೊಳಗೆ ಅರ್ಧ ತೂರಿಕೊಂಡು ಬೆಸುಗೆ ಹಾಕುತ್ತಿದ್ದೆ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದೆ. ಹೆಂಡತಿ ಹಿಂದೆ ಬಂದು ನಿಂತಳು.

"ನಮ್ಮಣ್ಣ ಫೋನ್ ಮಾಡವ್ನೆ. ಕೆ.ಆರ್. ಪೇಟೆ ಕಡೆ ಒಳ್ಳೆ ಹಸ ಐತಂತೆ. ಕೇಳುಸ್ತಾ?"

"ಹೂಂ."

"ಈ ಸಂಕ್ರಾಂತಿಗಾದ್ರೂ ಕಿಚ್ಚು ಹಾಯ್ಸಕ್ಕೆ ನಮ್ಮನೇಲಿ ಒಂದು ಹಸ ಇರಬ್ಯಾಡ್ವಾ?"

"ಹೂಂ."

"ಹಂಗಾರೆ ಕೊಟ್ಟಿಗೆ ಖಾಲಿ ಮಾಡ್ಕೊಡ್ತೀರಾ?"

"ಹೂಂ."

"ಪೆಟ್ಗೆಗಳ್ನ ಗುಜರಿಗೆ ಆಕ್ಬುಡನಾ?"

"ಹೂಂ."

ಬೆಸುಗೆ ಮುಗಿಸಿ ತಲೆ ಹೊರಗೆ ತೆಗೆದೆ. ಅವಳ ಕೈಯಲ್ಲಿ ಫೋನು. ಫೋನಿನೊಳಗಿಂದ ಅವಳ ಅಣ್ಣನ ದನಿ ಕೊಟ್ಟಿಗೆ ತುಂಬ ಕೇಳಿತು. "ನಾನೂ ಕೇಳುಸ್ಕಂಡೆ ಕಣವ್ವ. ಎಲ್ಲಕ್ಕೂ ಹೂಂ ಅಂದವ್ರೆ ಭಾವ. ನಾನೇ ಸಾಕ್ಷಿ."

"ಬಾಯಲ್ಲಿ ಟಾರ್ಚ್ ಇತ್ತು" ಅಂದೆ.

"ಟಾರ್ಚ್ ಇಲ್ದೆ ಇದ್ದಾಗ ಏನು ಬೇರೆ ಹೇಳ್ತಿದ್ರಾ?" ಎಂದಳು.

ಅವಳ ಆಸೆ ತಪ್ಪೇನೂ ಅಲ್ಲ. ಪ್ರತಿ ಸಂಕ್ರಾಂತಿಗೂ ಬೀದಿಯವರೆಲ್ಲ ತಮ್ಮ ತಮ್ಮ ದನಗಳಿಗೆ ಅರಿಸಿನ ಹಚ್ಚಿ ಬೆಂಕಿ ಹಾಯಿಸುತ್ತಾರೆ. ಇವಳು ಎಳ್ಳು ಬೆಲ್ಲದ ತಟ್ಟೆ ಹಿಡಿದು ಬೇರೆಯವರ ದನ ನೋಡಿ ಬರುತ್ತಾಳೆ. ದನ ಇದ್ದ ಮನೆಗೆ ಸೊಸೆಯಾಗಿ ಬಂದವಳು.

ಮದುವೆಯಾದ ಮೇಲೆ ನಾನು ಅವಳ ಜೊತೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಷ್ಟರಲ್ಲೇ ಕೊಟ್ಟಿಗೆ ಕೈಬಿಟ್ಟಿತು.

ಸೈಡ್ ಕೊಟ್ಟವನು

ಅರಕೆರೆ ಕಡೆಯವನೊಬ್ಬ ಬಂದ. ನಲವತ್ತು ದಾಟಿದವನು. ಕಬ್ಬಿನ ಟ್ರಾಕ್ಟರ್ ಡ್ರೈವರು. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಕಾರಿನ ಆಟ ಆಡುತ್ತಿದ್ದನಂತೆ. "ಆವತ್ತು ನನ್ನ ಹಿಡಿಯೋರೇ ಇರ್ನಿಲ್ಲ ಕಣಣ್ಣ. ಎಲ್ಲಾ ಕಾರೂ ಹಿಂದಕ್ಕೆ ಹಾಕ್ಬುಡ್ತಿದ್ದೆ" ಎಂದ. ಜೊತೆಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಪ್ರತಾಪ ನೋಡಲು ಬಂದಿದ್ದರು.

ಕೂತ. ಸ್ಟೇರಿಂಗ್ ಹಿಡಿದ. ನಾಣ್ಯ ಹಾಕಿದ. ಕಾರು ಹೊರಟಿತು. ಎತ್ತಿನ ಗಾಡಿಯ ಹಾಗೆ ಹೊರಟಿತು.

ಹಿಂದಿನಿಂದ ಒಂದು ಕೆಂಪು ಕಾರು ಬಂತು. ಇವನು ಎಡಕ್ಕೆ ಸರಿದು ಕೈ ಹೊರಗೆ ಚಾಚಿ, ಮುಂದೆ ಹೋಗು ಎಂದು ಸನ್ನೆ ಮಾಡಿದ. ಅದು ಹೋಯಿತು. ಇನ್ನೊಂದು ಬಂತು. ಅದಕ್ಕೂ ಸೈಡ್ ಕೊಟ್ಟ. ತಿರುವು ಬಂದಾಗಲೆಲ್ಲ ನಿಂತೇಬಿಡುತ್ತಿದ್ದ. ಕೂತ ಕೂತಲ್ಲೇ ಒಂದು ಕಡೆ ವಾಲಿ, ಮೆಲ್ಲಗೆ ತಿರುಗಿಸಿ, ಉಸಿರು ಬಿಡುತ್ತಿದ್ದ.

"ಅಪ್ಪಾ, ಜೋರಾಗಿ ಓಡುಸಪ್ಪಾ!" ಎಂದವು ಮಕ್ಕಳು.

"ಸುಮ್ನಿರ್ರವ್ವಾ, ಲೋಡ್ ಮಗುಚ್ಕೊಂಡದು!"

ಸಮಯ ಮುಗಿಯಿತು ಎಂದು ಪರದೆ ಮೇಲೆ ಬಂತು. ಅವನಿಗೆ ಸಿಟ್ಟು ಬಂತು. "ಏನಣ್ಣ ಇದು? ಫ್ಯಾಕ್ಟರಿ ಗೇಟ್ ಮುಂದೆ ದಿನಗಟ್ಲೆ ಕ್ಯೂ ನಿಂತಿವ್ನಿ. ಅಲ್ಲೇ ಯಾರೂ ಟೈಮ್ ಆಯ್ತು ಅನ್ನಕಿಲ್ಲ, ಇದ್ಯಾವ ರೂಲ್ಸು?"

ಎದ್ದವನು ನೇರ ಪೆಟ್ಟಿಗೆಯ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ.

"ಏನ್ಲಾ ನೋಡ್ತೀಯ?" ಅಂದೆ.

ಅವನು ತಲೆ ಕೆರೆದುಕೊಂಡ. "ಏನಿಲ್ಲ ಕಣಣ್ಣ. ಇಷ್ಟು ನಿಧಾನ ಬಂದಿವ್ನಿ, ಹಿಂದ್ಗಡೆಯಿಂದ ಹೈಕ್ಳು ಕಬ್ಬು ಎಳ್ಕೊಂಡವ್ರೇನೋ ಅಂತ."

ಬೊಟ್ಟು

ಆಯುಧ ಪೂಜೆ ದಿನ ಹೆಂಡತಿ ಕೊಟ್ಟಿಗೆಗೆ ಬಂದಳು. ಕೈಯಲ್ಲಿ ಬಕೆಟ್ಟು, ವಿಭೂತಿ, ಕುಂಕುಮ, ನಿಂಬೆಹಣ್ಣು.

"ಗುಜರಿಗೆ ಹೋಗೋವಕ್ಕೆ ಪೂಜೆ ಯಾಕೆ?" ಅಂದೆ.

"ಹೋಗೋವು ಹೋಗ್ತವೆ. ಪೂಜೆ ಮಾಡ್ದೆ ಕಳ್ಸಕಾದದೇ?" ಎಂದಳು.

ಪೂಜೆ ಅಂದರೆ ಅವಳು ಕಾಟಾಚಾರಕ್ಕೆ ಮಾಡುವವಳಲ್ಲ. ಒಂದೊಂದು ಪೆಟ್ಟಿಗೆಯ ಕೆಳಗೂ ನಿಂಬೆಹಣ್ಣು. ಹಿಡಿಕೆಗೆ ಹೂವು. ಟಿವಿ ಗಾಜಿಗೆ ನೀರಲ್ಲಿ ಕಲೆಸಿದ ವಿಭೂತಿ, ಈ ಕೊನೆಯಿಂದ ಆ ಕೊನೆಗೆ ಮೂರು ದಪ್ಪ ಪಟ್ಟೆ. ನಡುವೆ ಕುಂಕುಮದ ಬೊಟ್ಟು, ವಡೆಯಷ್ಟು ಅಗಲ.

ಭಾನುವಾರ ಕಾಲೇಜು ಹುಡುಗರು ಬಂದರು. ಅವರಿಗೆ ವಿಮಾನದ ಆಟವೇ ಆಗಬೇಕು. ಅದರಲ್ಲಿ ನಮ್ಮ ವಿಮಾನ ಕೆಳಗಿರುತ್ತದೆ, ಶತ್ರುಗಳು ಮೇಲಿನಿಂದ ಇಳಿದು ಬರುತ್ತಾರೆ. ಈಗ ಶತ್ರುಗಳೆಲ್ಲ ವಿಭೂತಿ ಹಿಂದೆ ಅಡಗಿಕೊಂಡರು. ಬೊಟ್ಟಿನಿಂದ ಗುಂಡು ಬರತೊಡಗಿತು. ಯಾವಾಗಲೂ ಎಲ್ಲರಿಗಿಂತ ಮುಂದೆ ಹೋಗುವವನು ನಿಂತ ಕಾಲಲ್ಲೇ ಸೋತ.

"ತಾತ, ಒರೆಸ್ಬುಡ್ಲಾ?" ಎಂದ.

"ಅವಳನ್ನ ಕೇಳು."

ಕೇಳಿದ. ಅವಳು ಸೊಂಟದ ಮೇಲೆ ಕೈಯಿಟ್ಟಳು. "ಆಯುಧ ಪೂಜೆ ಬೊಟ್ಟು ಯಾರಾದ್ರೂ ಒರೆಸ್ತಾರೇನ್ಲಾ? ನಿಮ್ಮಪ್ಪ ಸ್ಕೂಟರ್ದು ಒರೆಸವ್ನಾ? ತಾನಾಗೇ ಹೋಗ್ಬೇಕು. ಅಲ್ಲಿಗಂಟ ಹಿಂಗೇ ಆಡು."

ಹಾಗೇ ಆಡಿದರು. ಆಡುತ್ತ ಆಡುತ್ತ ಒಬ್ಬನಿಗೆ ಒಂದು ಗುಟ್ಟು ಹೊಳೆಯಿತು. ಕೊನೆಗೆ ಬರುವ ದೊಡ್ಡ ವಿಮಾನ ಯಾವಾಗಲೂ ಪರದೆಯ ನಡುಮಧ್ಯೆ ಬಂದು ನಿಲ್ಲುತ್ತದೆ. ಅಂದರೆ ಸರಿಯಾಗಿ ಬೊಟ್ಟಿನ ಹಿಂದೆ. ಕಣ್ಣಿಗೆ ಏನೂ ಕಾಣದಿದ್ದರೂ ಚಿಂತೆಯಿಲ್ಲ, ಬೊಟ್ಟಿಗೆ ಗುರಿಯಿಟ್ಟು ಹೊಡೆದರೆ ಸಾಕು. ಹೊಡೆದ. ಅಂಗಡಿ ಕಾಲದಿಂದಲೂ ಯಾರೂ ಉರುಳಿಸದಿದ್ದ ದೊಡ್ಡ ವಿಮಾನ ಉರುಳಿತು. ಹುಡುಗರು ಕಿರುಚಿದರು. ಹೆಂಡತಿ ಒಳಗಿನಿಂದ ಬಂದು ನೋಡಿ, "ನೋಡುದ್ರಾ? ಸುಮ್ನೆ ಮಾಡ್ತಾರಾ ಪೂಜೆ?" ಎಂದು ಹೋದಳು.

ಬೊಟ್ಟು ಕೆಲವು ವಾರದಲ್ಲಿ ಉದುರಿಹೋಯಿತು. ಮರು ಭಾನುವಾರ ಆ ಹುಡುಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ.

"ಅಜ್ಜಿ, ಒಸಿ ಕುಂಕುಮ ಇದ್ರೆ ತಕೊಂಡು ಬನ್ನಿ. ಆಟ ಕೈಗೆ ಹತ್ತುತಿಲ್ಲ."

ನಾಗಮಂಗಲದ ಟ್ಯೂಬು

ಹೊಡೆದಾಟದ ಪೆಟ್ಟಿಗೆಯ ಪಿಕ್ಚರ್ ಟ್ಯೂಬು ಹೋಯಿತು. ಸಂಕ್ರಾಂತಿಗೆ ಹೋಗುವ ಪೆಟ್ಟಿಗೆಗೆ ಟ್ಯೂಬು ಹುಡುಕುವುದು ಯಾಕೆ ಎಂದು ನೀವು ಕೇಳಬಹುದು. ಹೆಂಡತಿಯೂ ಕೇಳಿದಳು. ಕೆಟ್ಟ ಪೆಟ್ಟಿಗೆಯನ್ನು ಮನೆಯಿಂದ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಪೂಜೆ ಮಾಡದೆ ಕಳಿಸಬಾರದು ಅಂದವಳಿಗೆ ಅದು ಅರ್ಥವಾಯಿತು.

ನಾಗಮಂಗಲದ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಹಳೇ ಕಲರ್ ಟಿವಿ ಇದೆ ಎಂದು ಗೊತ್ತಾಯಿತು. ಮರದ ಮೈ, ಮುಂದೆ ಎರಡು ಕಡೆಗೆ ಸರಿಯುವ ಬಾಗಿಲು. ಕೆಟ್ಟು ಎಷ್ಟೋ ಕಾಲವಾಗಿತ್ತು. ಹೋದೆ.

"ಕೊಡಾಕಿಲ್ಲ ಕಣಪ್ಪ" ಎಂದಳು ಅಜ್ಜಿ. "ನಮ್ಮೂರಿಗೆ ಬಂದ ಮೊದಲ್ನೇ ಕಲರ್ ಟಿವಿ ಇದು. ಊರೇ ನಮ್ಮ ಜಗುಲಿಲಿ ಕೂತ್ಕೊಂಡು ನೋಡ್ತಿತ್ತು."

"ಓಡ್ತದಾ?"

"ಓಡದೆ ಇದ್ರೆ ಕೊಡ್ಬೇಕಾ? ನಮ್ಮೆಜಮಾನ್ರೂ ಓಡಾಡಾಕಿಲ್ಲ. ಅವ್ರನ್ನೂ ತಕೊಂಡೋಯ್ತೀಯಾ?"

ಜಗುಲಿಯ ಮೇಲೆ ಅವಳ ಯಜಮಾನರು ಗೋಡೆಗೊರಗಿ ಕೂತಿದ್ದರು. ನನ್ನ ಕಡೆ ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದರು.

ಬಹಳ ಹೊತ್ತು ಕೂತೆ. ಅಜ್ಜಿಗೇ ಬೇಜಾರಾಗಿ ಒಂದು ದಾರಿ ಹೇಳಿದಳು. "ಒಳಗಿಂದು ತಕೊ. ಪೆಟ್ಗೆ ಬುಟ್ಟೋಗು." ಟ್ಯೂಬು, ತಂತಿ ಎಲ್ಲ ಬಿಚ್ಚಿಕೊಂಡೆ. ಖಾಲಿ ಪೆಟ್ಟಿಗೆ ಒರೆಸಿ, ಇದ್ದಲ್ಲೇ ಇಟ್ಟು, ಬಾಗಿಲು ಸರಿಸಿ ಬಂದೆ.

ಆ ಟ್ಯೂಬು ಹಾಕಿದ ಮೇಲೆ ಹೊಡೆದಾಟದ ಆಟ ಥಳಥಳ ಎಂದಿತು. ಹೇಳಿ ಬರೋಣ ಎಂದು ಮುಂದಿನ ತಿಂಗಳು ಆ ಕಡೆ ಹೋದಾಗ ಅಜ್ಜಿಯ ಮನೆಗೆ ಹೋದೆ. ಟಿವಿ ಬಾಗಿಲು ತೆರೆದಿತ್ತು. ಒಳಗೆ ದೇವರ ಪಟಗಳು. ಸುತ್ತ ಬಣ್ಣಬಣ್ಣದ ಸೀರಿಯಲ್ ಸೆಟ್ಟು ಮಿನುಗುತ್ತಿತ್ತು. ಮುಂದೆ ದೀಪ, ಊದುಬತ್ತಿ. ಬೆಳಿಗ್ಗೆ ಬಾಗಿಲು ಸರಿಸುತ್ತಾಳಂತೆ, ಮಂಗಳಾರತಿಯಾದ ಮೇಲೆ ಮುಚ್ಚುತ್ತಾಳಂತೆ. ಪಕ್ಕದ ಮನೆಯವರೂ ಬಂದು ಕೈಮುಗಿದು ಹೋಗುತ್ತಿದ್ದರು.

"ಚೆನ್ನಾಗದೆ" ಅಂದೆ.

"ಹೂಂ ಕಣಪ್ಪ" ಎಂದಳು ಅಜ್ಜಿ. "ನೀನು ರಿಪೇರಿ ಮಾಡಿ ಹೋದಾಗ್ಲಿಂದ ಚೆನ್ನಾಗಿ ಬತ್ತದೆ. ಮೊದ್ಲು ಬರೀ ಅತ್ತೆ ಸೊಸೆ ಜಗಳ ಬರ್ತಿತ್ತು."

ಹಿಂದಿಯಲ್ಲಿ

ಶ್ರೀರಂಗಪಟ್ಟಣದಲ್ಲಿ ಒಬ್ಬ ಆಟೊ ಡ್ರೈವರ್ ಇದ್ದಾನೆ. ಪ್ರವಾಸಿಗಳಿಗೆ ಕೋಟೆ, ಸಂಗಮ ಎಲ್ಲ ತೋರಿಸುತ್ತಾನೆ. ಒಂದು ದಿನ ಉತ್ತರದ ಕಡೆಯ ಗಂಡ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದುಬಿಟ್ಟ.

"ಅಣ್ಣ, ಇವ್ರು ಅಲ್ಲಿ ಎಲ್ಲಾ ನೋಡಾಯ್ತು. ಇನ್ನೂ ಹಳೇದು ಏನೈತೆ ಅಂದ್ರು. ನಿಮ್ಮ ಕೊಟ್ಟಿಗೆ ನ್ಯಾಪಕ ಬಂತು."

ಅವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹೆಂಗಸು ಸೆರಗು ತಲೆಗೆ ಎಳೆದುಕೊಂಡಳು. ಗಂಡಸು ಚುಕ್ಕಿ ನುಂಗುವ ಪೆಟ್ಟಿಗೆಯನ್ನು ಮೇಲಿನಿಂದ ಕೆಳಗೆ ನೋಡಿ ಏನೋ ಕೇಳಿದ.

"ಇದ್ರ ಕತೆ ಏನು ಅಂತ ಕೇಳ್ತಾವ್ರೆ" ಎಂದ ಆಟೊದವನು.

"ಕೆ.ಆರ್. ಪೇಟೆದು" ಅಂದೆ.

ಆಟೊದವನು ಅದನ್ನು ಹಿಂದಿಯಲ್ಲಿ ಹೇಳಲು ಶುರುಮಾಡಿದ. ಹೇಳಿದ, ಹೇಳಿದ, ಹೇಳುತ್ತಲೇ ಇದ್ದ. ಕೈ ಮೇಲೆತ್ತಿದ. ಎದೆ ಮುಟ್ಟಿಕೊಂಡ. ನನ್ನ ಕಡೆ ತೋರಿಸಿದ. ಒಂದು ಸಲ ಕತ್ತಿ ಬೀಸಿದ ಹಾಗೆ ಮಾಡಿದ. ಹೆಂಗಸಿನ ಕಣ್ಣಲ್ಲಿ ನೀರು ಬಂತು. ಗಂಡಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

ಆಮೇಲೆ ಹೆಂಗಸು ನೆಲದಲ್ಲಿದ್ದ ಹೊಸ ಗೂಟ ತೋರಿಸಿ ಏನೋ ಕೇಳಿದಳು. ಹಸು ಕಟ್ಟಲು ನನ್ನ ಹೆಂಡತಿ ಆ ವಾರವೇ ನೆಡಿಸಿದ್ದು. ಬಾಗಿಲಲ್ಲಿ ನಿಂತಿದ್ದ ಅವಳೇ ಉತ್ತರ ಕೊಟ್ಟಳು. "ಅದು ಹಳೇದಲ್ಲ ಕಣಮ್ಮ. ಅದು ಬರೋ ಸಂಕ್ರಾಂತಿದು." ಆಟೊದವನು ಅದನ್ನೂ ಹಿಂದಿಯಲ್ಲಿ ಹೇಳಿದ. ಅವರು ಗೂಟಕ್ಕೂ ಕೈಮುಗಿದರು.

ಅವರು ಆಟೊ ಹತ್ತಿದ ಮೇಲೆ ಅವನ ತೋಳು ಹಿಡಿದೆ. "ಏನ್ಲಾ ಹೇಳ್ದೆ ಅಷ್ಟೊತ್ತು?"

"ನೀವೇಳಿದ್ನೇ ಹೇಳ್ದೆ ಕಣಣ್ಣ" ಎಂದ. "ಹಿಂದೀಲಿ ಒಸಿ ಉದ್ದ ಆಯ್ತದೆ."

ಗುಜರಿಯವನು

ಸಂಕ್ರಾಂತಿ ಹತ್ತಿರ ಬಂತು. ಹೆಂಡತಿ ಬೆಳ್ಳೂರು ಕ್ರಾಸಿನ ಗುಜರಿಯವನಿಗೆ ಫೋನ್ ಮಾಡಿಸಿದಳು. ಅವನು ಗೂಡ್ಸ್ ಗಾಡಿ, ಹಗ್ಗ, ತಕ್ಕಡಿ ತಂದ. ಗಟ್ಟಿ ಆಳು. ಬಂದವನೇ ಹೊಡೆದಾಟದ ಪೆಟ್ಟಿಗೆಯನ್ನು ತಬ್ಬಿ ಎತ್ತಲು ಹೋದ. ತಬ್ಬಿದವನು ಹಾಗೇ ನಿಂತ.

"ಯಜಮಾನ್ರೇ, ಇದು ನಾಗಮಂಗಲ ಬಸ್ ಸ್ಟ್ಯಾಂಡ್ ಪಕ್ಕದ್ದಲ್ವಾ?"

"ಹೂಂ."

"ಬಲಗಡೆ ಕೆಳಗೆ ಹಲ್ಲಿನ ಗುರುತು ಐತಾ ನೋಡಿ."

ನೋಡಿದೆ. ಇತ್ತು. ಇಲಿ ಕಡಿದಿದೆ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

"ನಂದೇ" ಎಂದ. "ಕೊನೇ ಆಟ ಸೋತು ಕಚ್ಚಿದ್ದೆ."

ಒಂದೇ ಒಂದು ಸಲ ಆಡುತ್ತೇನೆ ಎಂದ. ಬೆಳಿಗ್ಗೆ ಬಂದವನು ಊಟದ ಹೊತ್ತಾದರೂ ಆಡುತ್ತಿದ್ದ. ಹೆಂಡತಿ ಬಂದು, "ಏನಪ್ಪಾ, ಗಾಡಿಗೆ ಯಾವಾಗ ಏರುಸ್ತೀಯಾ?" ಎಂದಳು. "ಇವನೊಬ್ಬನ್ನ ಮುಗಿಸ್ಬುಟ್ಟು ಬತ್ತೀನಿ ಕಣಕ್ಕ" ಎಂದ. ಪರದೆಯ ಮೇಲೆ ಬೋಳುತಲೆಯವನೊಬ್ಬ ಇವನಿಗೆ ಸರಿಯಾಗಿ ತದಕುತ್ತಿದ್ದ. ಇವಳು ಮುದ್ದೆ ಸಾರು ಹಾಕಿದಳು. ಎಡಗೈಯಲ್ಲಿ ಹಿಡಿಕೆ ಹಿಡಿದುಕೊಂಡೇ ಮುದ್ದೆ ಮುರಿದ.

ಸಂಜೆ ಗಾಡಿ ಖಾಲಿಯಾಗೇ ಹೊರಟಿತು. "ನಾಳೆ ಬತ್ತೀನಿ" ಎಂದ. ಮಾತಿಗೆ ತಪ್ಪಲಿಲ್ಲ. ಮಾರನೇ ದಿನ ಬಂದ. ಗಾಡಿ ತುಂಬಿತ್ತು. ಹಗ್ಗ ಬಿಚ್ಚಿದ. ಒಳಗೊಂದು ಗೇಮ್ ಪೆಟ್ಟಿಗೆ.

"ನಮ್ಮ ಗೋಡೌನಲ್ಲಿ ಬಿದ್ದಿತ್ತು ಯಜಮಾನ್ರೇ. ಒಡೆಯಕ್ಕೆ ಕೈ ಬರ್ತಿಲ್ಲ. ಇದೂ ಇಲ್ಲೇ ಇರ್ಲಿ."

ಏಳನ್ನು ಒಯ್ಯಲು ಕರೆಸಿದವನು ಎಂಟನೆಯದನ್ನು ಇಳಿಸಿ, ಕೈಮುಗಿದು, ತಕ್ಕಡಿಯನ್ನೂ ಮರೆತು ಹೋದ.

ಹಸು

ಹಬ್ಬಕ್ಕೆ ನಾಲ್ಕೈದು ದಿನ ಇರುವಾಗ ಭಾವಮೈದ ಹಸು, ಕರು ಎರಡನ್ನೂ ಪಿಕಪ್ ಗಾಡಿಯಲ್ಲಿ ತಂದು ಇಳಿಸಿದ. ಹೇಮಗಿರಿ ಹತ್ತಿರದ ಹಳ್ಳಿಯ ಒಬ್ಬ ರೈತನದು. ಕಪ್ಪು ಬಿಳುಪು, ಒಳ್ಳೇ ಮೈಕಟ್ಟು. ಹೆಂಡತಿ ಆರತಿ ಎತ್ತಿದಳು. ಆಮೇಲೆ ಕೊಟ್ಟಿಗೆಯೊಳಗೆ ನೋಡಿದಳು. ಎಂಟು ಪೆಟ್ಟಿಗೆ. ಆಮೇಲೆ ನನ್ನನ್ನು ನೋಡಿದಳು. ನಾನು ಹಸುವನ್ನು ನೋಡಿದೆ.

ಕಾರಿನ ಪೆಟ್ಟಿಗೆಗೂ ವಿಮಾನದ ಪೆಟ್ಟಿಗೆಗೂ ನಡುವೆ ಇದ್ದ ಗೂಟಕ್ಕೆ ಹಸು ಕಟ್ಟಿದೆವು. ಅದು ಮೊದಲ ದಿನವೇ ಕಾರಿನ ಆಟದ ಬ್ರೇಕಿನ ಮೇಲೆ ಸಗಣಿ ಹಾಕಿತು.

ಹಾಲು ಮಾತ್ರ ಬಿಡಲಿಲ್ಲ. ಕರು ಬಿಟ್ಟು ನೋಡಿದಳು. ಬೆಲ್ಲ ತಿನ್ನಿಸಿದಳು. ಬೂಸಾ, ಹಿಂಡಿ ಇಟ್ಟಳು. ಬೆನ್ನು ಸವರಿದಳು, ಹಾಡು ಹೇಳಿದಳು, ಬೈದಳು. ಕೆಚ್ಚಲು ತುಂಬಿ ಬಿಗಿದಿತ್ತು. ಪಾತ್ರೆಯಲ್ಲಿ ಒಂದು ಲೋಟ. ಹಸು ಎಲ್ಲೋ ನೋಡುತ್ತ, ಏನನ್ನೋ ಕಾಯುತ್ತ ನಿಂತಿರುತ್ತಿತ್ತು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, "ನೋಡಕ್ಕೆ ಮಾತ್ರ ಚೆನ್ನಾಗದೆ ಕಣಕ್ಕ" ಎಂದು ಹೋದರು. ಅವಳ ಕಣ್ಣು ಕೆಂಪಾಯಿತು. ಇಷ್ಟು ವರ್ಷ ಕಾದು ತಂದ ಹಸು.

ಮೂರನೇ ದಿನ ಸಂಜೆ ತೀರ್ಮಾನ ಹೇಳಿದಳು. "ಈ ಪೆಟ್ಗೆಗಳ್ನ ಕಂಡು ಬೆದ್ರುಕೊಂಡದೆ. ನಾಳೆ ಒಂದೂ ಇರಕೂಡ್ದು. ಗುಜರಿಯೋನು ಬರ್ದೆ ಇದ್ರೆ ನಾನೇ ಬೀದಿಗೆ ನೂಕ್ತೀನಿ."

"ಹೂಂ" ಅಂದೆ. ಈ ಸಲ ಬಾಯಲ್ಲಿ ಟಾರ್ಚ್ ಇರಲಿಲ್ಲ.

ಅವಳು ಪಾತ್ರೆ ಹಿಡಿದು ಹಸುವಿನ ಕೆಳಗೆ ಕೂತಳು. ನಾನು ಕೊನೆಯದಾಗಿ ಒಂದೊಂದನ್ನೂ ಹಾಕಿ ನೋಡೋಣ ಎಂದು ವಿಮಾನದ ಪೆಟ್ಟಿಗೆಯ ಸ್ವಿಚ್ಚು ಒತ್ತಿದೆ. ಹೊರಡುವ ಪೆಟ್ಟಿಗೆ. ಒಂದು ಸಲವಾದರೂ ಆಡದೆ ಕಳಿಸುವುದು ಹೇಗೆ? ಡಬ್ಬಿಯಿಂದ ನಾಣ್ಯ ತೆಗೆದು ಹಾಕಿದೆ. ಟುಯ್ ಟುಯ್ ಟುಯ್ ಎಂದು ಗುಂಡು ಹಾರಿತು. ಹಿಂದಿನಿಂದ ಡುಬುಡುಬು ಎಂದು ಅದರ ಸಂಗೀತ.

ಹಸು ಕಿವಿ ನಿಮಿರಿಸಿತು. ಬಾಲ ಬೀಸುವುದು ನಿಲ್ಲಿಸಿತು. ಪಾತ್ರೆಯಲ್ಲಿ ಚೊರ್ ಚೊರ್ ಎಂದು ಶಬ್ದವಾಯಿತು.

ಅಷ್ಟರಲ್ಲಿ ನನ್ನ ವಿಮಾನ ಸಿಡಿಯಿತು. ಸಂಗೀತ ನಿಂತಿತು. ಹಾಲೂ ನಿಂತಿತು.

"ಏನ್ ಮಾಡುದ್ರಿ?" ಎಂದಳು.

"ಸತ್ತೆ."

"ಇನ್ನೊಂದ್ಸಲ ಆಡಿ."

ಆಡಿದೆ. ಹಾಲು ಬಂತು. ಸತ್ತೆ. ನಿಂತಿತು. ಅವಳು ಪಾತ್ರೆ ಕೆಳಗಿಟ್ಟು ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ಹಸು ಮಾರಿದವನಿಗೆ ಮಾಡಿದ. ಸುದ್ದಿ ತಿರುಗಿ ಬಂತು. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯಲ್ಲಿ ಮಾತ್ರವಂತೆ. ಮೊಮ್ಮಕ್ಕಳೆಲ್ಲ ಬೆಳಿಗ್ಗೆ ಸಂಜೆ ಈ ಹಸುವಿನ ಪಕ್ಕದಲ್ಲೇ ಕೂತು ಫೋನಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದರಂತೆ. ಹಸು ಹುಟ್ಟಿದಾಗಿನಿಂದ ಯುದ್ಧ ಕೇಳಿಕೊಂಡೇ ಬೆಳೆದದ್ದು. "ಹೇಳಾದು ಮರ್ತೋಯ್ತು" ಎಂದನಂತೆ.

ಭಾವಮೈದ ಬುದ್ಧಿವಂತ. ಮರುದಿನ ಬಂದು ವಿಮಾನದ ಆಟದ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ. "ಇಷ್ಟೇ ಕಣ್ ಭಾವ. ಇನ್ನು ಪೆಟ್ಗೆ ಯಾಕೆ?" ಎಂದು ಹಸುವಿನ ಕಿವಿಯ ಹತ್ತಿರ ಹಿಡಿದ. ಹಸು ಪೆಟ್ಟಿಗೆಯನ್ನೊಮ್ಮೆ ನೋಡಿತು. ಫೋನನ್ನೊಮ್ಮೆ ನೋಡಿತು. ಅವನನ್ನು ಒದೆಯಿತು. ಒಂದೇ ದಿನದಲ್ಲಿ ಅದಕ್ಕೆ ಅಸಲಿ ಪೆಟ್ಟಿಗೆಯ ರುಚಿ ಹತ್ತಿತ್ತು. ಹಳೆಯದನ್ನು ಹೇಗಿದೆಯೋ ಹಾಗೇ ಇಡಬೇಕು ಎಂದು ನಾನು ಹೇಳುತ್ತ ಬಂದದ್ದನ್ನು ಮೊದಲು ಒಪ್ಪಿದ್ದು ಆ ಹಸು.

ಸಂಕ್ರಾಂತಿಗೆ ಹಸು ಕಿಚ್ಚು ಹಾಯಿತು. ಕೊಂಬಿಗೆ ಬಣ್ಣ, ಮೈತುಂಬ ಅರಿಸಿನ. ಹೆಂಡತಿ ಬೀದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ತನ್ನ ಹಸುವಿಗೆ. ನಾನು ನೋಡಿದೆ.

ಈಗ ಎಂಟೂ ಪೆಟ್ಟಿಗೆ ಕೊಟ್ಟಿಗೆಯಲ್ಲೇ ಇವೆ. ಗುಜರಿಯವನು ವಾರಕ್ಕೊಮ್ಮೆ ಬರುತ್ತಾನೆ, ಬೋಳುತಲೆಯವನಿಗೆ ಇನ್ನೂ ಸೋಲುತ್ತಿದ್ದಾನೆ. ಹೆಂಡತಿ ಯುಪಿಎಸ್ ಹಾಕಿಸಿದಳು. ಮನೆ ದೀಪಕ್ಕಲ್ಲ, ವಿಮಾನದ ಪೆಟ್ಟಿಗೆಗೆ. ಕರೆಂಟು ಹೋದರೆ ಹಾಲು ಹೋಗುತ್ತದಲ್ಲ. ಆ ಪೆಟ್ಟಿಗೆ ಆಡುವಾಗ ಮಾತ್ರ ಸದ್ದು ಮಾಡುತ್ತದೆ. ಸುಮ್ಮನೆ ಹಾಕಿಟ್ಟರೆ ಮಾಡುವುದಿಲ್ಲ. ಯಾರಾದರೂ ಆಡಲೇಬೇಕು. ಬೆಳಗಿನ ಚಳಿಯಲ್ಲಿ, ಡೈರಿಗೆ ಹಾಲು ಹಾಕುವ ಮೊದಲು, ಯಾವ ಕಾಲೇಜು ಹುಡುಗ ಬರುತ್ತಾನೆ?

ಹಾಗಾಗಿ ದಿನಾ ಎರಡು ಹೊತ್ತು ನಾನೇ ಆಡುತ್ತೇನೆ. ಎಪ್ಪತ್ತು ದಾಟಿದ ಮೇಲೆ ಕಲಿತ ವಿದ್ಯೆ. ಬೆರಳು ಬೇಗ ಓಡುವುದಿಲ್ಲ. ಹೆಂಡತಿ ಪರದೆಗೆ ದಿನವೂ ದೊಡ್ಡ ಬೊಟ್ಟು ಇಟ್ಟುಕೊಡುತ್ತಾಳೆ. ಆದರೂ ದೊಡ್ಡ ವಿಮಾನ ಬಂದಾಗ ಗುರಿ ತಪ್ಪುತ್ತದೆ. ಆಗ ಹಸುವಿನ ಹೊಟ್ಟೆಯ ಕೆಳಗಿನಿಂದ ಅವಳ ಕೂಗು ಬರುತ್ತದೆ. ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ.

"ಇನ್ನೂ ಎರಡು ತೊಟ್ಟು ಬಾಕಿ ಅವೆ ಕಣ್ರೀ! ಈಗ್ಲೇ ಸಾಯ್ಬ್ಯಾಡಿ!"